ಕಲ್ಲಪ್ಪ ಮೇಸ್ತ್ರಿ ಹೊತ್ತ ತಪ್ಪುಗಳು

ಪುಕ್ಕಟೆ ಒಳ್ಳೆಯವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಸಂತೆಮೈದಾನ ದಾಟಿದರೆ ಸಿಗುವ ಆಶ್ರಯ ಕಾಲೋನಿಯ ಬಾಯಲ್ಲಿ ಹದಿನೆಂಟು ವರ್ಷದಿಂದ ಮಂಡಕ್ಕಿ ಮಿರ್ಚಿ ಅಂಗಡಿ ನಡೆಸುತ್ತಿದ್ದೇನೆ. ಇನ್ನೊಂದು ಮಿರ್ಚಿ ಹಾಕು ಎಂದವರನ್ನು ದಿನಾ ನೋಡಿದ್ದೇನೆ, ಹಾಕಿದ್ದು ಹೆಚ್ಚಾಯಿತು ಎಂದು ವಾಪಸು ಕೊಟ್ಟವರನ್ನು ನೋಡಿಲ್ಲ. ಹಾಗಾಗಿ ಕಲ್ಲಪ್ಪ ಮೇಸ್ತ್ರಿ ನಮ್ಮ ಕಾಲೋನಿಯ ಹುಡುಗ ಹುಡುಗಿಯರನ್ನು ಸಮುದಾಯ ಭವನದ ಜಗುಲಿಯ ಮೇಲೆ ಕೂರಿಸಿಕೊಂಡು, ಬಿಡಿಗಾಸೂ ಕೇಳದೆ ಕೆಲಸ ಕಲಿಸಲು ಶುರು ಮಾಡಿದಾಗ ನನ್ನ ತಲೆಗೆ ಬಂದದ್ದು ಒಂದೇ ಮಾತು. ಇವನಿಗೆ ಇದರಲ್ಲಿ ಏನು ಸಿಗುತ್ತದೆ?

ನಮ್ಮ ಕಾಲೋನಿ ಎಂದರೆ ಒಂದು ಕೋಣೆ, ಒಂದು ಅಡುಗೆಮನೆಯ ಮನೆಗಳ ಆರು ಸಾಲು. ಹೊಲ ಮಾರಿದವರು, ಕುರಿ ಸತ್ತವರು, ಗಂಡ ಬಿಟ್ಟವರು, ಹೆಂಡತಿ ಬಿಟ್ಟವರು, ಎಲ್ಲ ಹಳ್ಳಿಗಳಿಂದ ಸೋಸಿ ಬಂದು ಇಲ್ಲಿ ಉಳಿದಿದ್ದೇವೆ. ಪೇಟೆಯಲ್ಲಿ ಯಾರದ್ದಾದರೂ ಬೈಕಿನ ಬ್ಯಾಟರಿ ಕಳುವಾದರೆ ಮೊದಲು ನಮ್ಮ ಸಾಲಿಗೇ ಬಂದು ವಿಚಾರಿಸುತ್ತಾರೆ. ಅಂಗಡಿಯವರು ನಮ್ಮ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಎರಡು ಸಲ ಯೋಚಿಸುತ್ತಾರೆ, ತೆಗೆಯುವಾಗ ಒಂದು ಸಲವೂ ಯೋಚಿಸುವುದಿಲ್ಲ. ಹೀಗಿರುವಾಗ ಒಬ್ಬ ಬಂದು ನಿಮ್ಮನ್ನು ಉದ್ಧಾರ ಮಾಡುತ್ತೇನೆ ಎಂದರೆ ಯಾರು ತಾನೇ ನಂಬುತ್ತಾರೆ? ಆದರೆ ನಂಬಿದರು. ಅದೇ ನನಗೆ ಸಿಟ್ಟು.

ಕಲ್ಲಪ್ಪ ಸೊರಬ ತಾಲೂಕಿನ ಹೊಸಬಾಳೆ ಕಡೆಯವನು. ಕುರಿ ಸಾಕುವ ಮನೆತನ. ಅಪ್ಪನ ಕಾಲಕ್ಕೆ ಎಂಬತ್ತು ಕುರಿ ಇದ್ದವಂತೆ. ಒಂದು ಮಳೆಗಾಲದಲ್ಲಿ ರೋಗ ಬಂದು ಅರ್ಧ ಹೋದವು, ಉಳಿದರ್ಧವನ್ನು ಹೆದರಿ ಸಿಕ್ಕಿದ್ದಕ್ಕೆ ಮಾರಿದರು. ಕಲ್ಲಪ್ಪ ಹೆಂಡತಿ ದುರ್ಗಮ್ಮನನ್ನು ಕರೆದುಕೊಂಡು ಶಿರಾಳಕೊಪ್ಪಕ್ಕೆ ಬಂದು ಹಮಾಲಿ ಮಾಡಿದ. ಆಮೇಲೆ ಶ್ರೀನಾಥ ಸಾವ್ಕಾರರ ಮೆಕ್ಕೆಜೋಳದ ಕಾಳು ಬಿಡಿಸುವ ಮಷಿನ್ನಿನ ಗ್ಯಾಂಗಿಗೆ ಸೇರಿದ. ಸುಗ್ಗಿಯಲ್ಲಿ ಆ ಮಷಿನ್ನು ಟ್ರ್ಯಾಕ್ಟರಿನ ಹಿಂದೆ ಕಣದಿಂದ ಕಣಕ್ಕೆ ಹೋಗುತ್ತದೆ. ಗಂಡಾಳುಗಳು ಚೀಲ ಹಿಡಿಯುತ್ತಾರೆ, ಹೆಣ್ಣಾಳುಗಳು ಪುಟ್ಟಿಯಲ್ಲಿ ತೆನೆ ತಂದು ಮಷಿನ್ನಿನ ಬಾಯಿಗೆ ಸುರಿಯುತ್ತಾರೆ. ಹನ್ನೆರಡು ವರ್ಷದ ಹಿಂದೆ ಆ ಬಾಯಿಗೆ ಕಲ್ಲಪ್ಪನ ಬಲಗೈ ಮುಂಗೈತನಕ ಹೋಯಿತು. ಅದಾದ ಎರಡು ವರ್ಷಕ್ಕೆ ದುರ್ಗಮ್ಮ ಕಾಮಾಲೆಯಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ.

ಶ್ರೀನಾಥ ಅವನನ್ನು ಬೀದಿಗೆ ಬಿಡಲಿಲ್ಲ. ಗ್ಯಾಂಗಿಗೆ ಮೇಸ್ತ್ರಿ ಮಾಡಿದ, ಗೋಡೌನಿನ ಪಕ್ಕದಲ್ಲಿ ಇರಲು ಕೋಣೆ ಕೊಟ್ಟ. ಊರೆಲ್ಲ ಸಾವ್ಕಾರರನ್ನು ದೇವರಂಥವರು ಎಂದಿತು. ನಾನು ಹಾಗೆನ್ನಲಿಲ್ಲ. ದೇವರು ಸುಮ್ಮನೆ ಕೋಣೆ ಕೊಡುವುದನ್ನು ನಾನೆಲ್ಲೂ ನೋಡಿಲ್ಲ.

ಕಲ್ಲಪ್ಪನ ಪಾಠ ಬಹಳ ಸಣ್ಣದು. ಜಗುಲಿಯ ಮೇಲೆ ಹೊಸಬರು ಬಂದು ಕೂತರೆ ಮೊಂಡುಗೈಯನ್ನು ಎತ್ತಿ ತೋರಿಸುತ್ತಿದ್ದ. ಇದು ಮಷಿನ್ನಿನ ತಪ್ಪಲ್ಲ, ಸಾವ್ಕಾರರ ತಪ್ಪಲ್ಲ, ನನ್ನ ತಪ್ಪು, ನನ್ನ ಗಮನ ಬೇರೆ ಕಡೆ ಇತ್ತು ಎನ್ನುತ್ತಿದ್ದ. ನಿಮ್ಮಪ್ಪ ಕುಡಿದ, ನಿಮ್ಮ ಹೊಲ ಹೋಯಿತು, ಮೇಷ್ಟ್ರು ಹೊಡೆದರು, ಎಲ್ಲ ಸರಿ. ಆದರೆ ಇವತ್ತು ಬೆಳಿಗ್ಗೆ ಏಳು ಗಂಟೆಯವರೆಗೆ ಮಲಗಿದವನು ಯಾರು ಎಂದು ಕೇಳುತ್ತಿದ್ದ. ಹುಡುಗರು ನಗುತ್ತಿದ್ದರು, ಮರುದಿನ ಆರಕ್ಕೇ ಬರುತ್ತಿದ್ದರು. ಎಣ್ಣೆ ಹಾಕುವುದು, ಬೆಲ್ಟು ಬಿಗಿ ಮಾಡುವುದು, ಸಾವ್ಕಾರರ ಹಳೆಯ ಟ್ರ್ಯಾಕ್ಟರಿನಲ್ಲಿ ಸಂತೆಮೈದಾನದ ಸುತ್ತ ಓಡಿಸುವುದು, ಲೈಸೆನ್ಸಿಗೆ ಅರ್ಜಿ ಹಾಕುವುದು, ಎಲ್ಲ ಕಲಿಸಿದ. ನಮ್ಮ ಕಾಲೋನಿಯ ಹನ್ನೊಂದು ಜನ ಇವತ್ತು ಅವನ ಕೈಯಡಿ ಕಲಿತು ಅನ್ನ ತಿನ್ನುತ್ತಿದ್ದಾರೆ. ಕೈಯಡಿ ಎಂದರೆ ಒಂದೇ ಕೈ.

ಕಣದಲ್ಲಿ ಮಷಿನ್ನು ಶುರುವಾಗುವ ಮೊದಲು ಅವನದೊಂದು ಪದ್ಧತಿ. ಕೆಂಪು ಬಟ್ಟೆಯ ಚೀಲವೊಂದನ್ನು ಹಿಡಿದು ಸಾಲಿನಲ್ಲಿ ಹೋಗುತ್ತಿದ್ದ. ಫೋನು, ಬಳೆ, ಕಡಗ, ಕೊರಳಿನ ಟವೆಲ್ಲು, ಎಲ್ಲ ಅದರೊಳಗೆ ಬೀಳಬೇಕು. ಕೆಲಸ ಮುಗಿದ ಮೇಲೆ ಕೊಡುತ್ತಿದ್ದ. ಚಂದ್ರಗುತ್ತಿ ತಾಯಿಯ ಗುಡಿಯಲ್ಲಿ ಹರಕೆ ಹೊತ್ತು ಕಟ್ಟಿಸಿಕೊಂಡ ಮುಂಗೈ ದಾರವನ್ನೂ ಬಿಡುತ್ತಿರಲಿಲ್ಲ. ಆ ದಾರ ತಾನಾಗಿ ಸವೆದು ಬೀಳಬೇಕು, ಬಿಚ್ಚಬಾರದು ಎಂಬುದು ನಮ್ಮವರ ನಂಬಿಕೆ. ಇವನು ಕುಡುಗೋಲಿನ ತುದಿಯಿಂದ ಕತ್ತರಿಸಿ, ತಾಯಿಯ ಶಾಪ ನನಗೇ ಬರಲಿ, ನಿನ್ನ ಕೈ ನಿನಗಿರಲಿ ಎನ್ನುತ್ತಿದ್ದ. ಎದುರು ಮನೆಯ ಗುತ್ಯಮ್ಮನ ಮಗನ ದಾರ ಕತ್ತರಿಸಿದ ದಿನ ಅವಳು ಕಲ್ಲಪ್ಪನ ಮೂರು ತಲೆಮಾರು ಎತ್ತಿ ಬೈದಳು. ನಾನು ಬೈಯಲಿಲ್ಲ, ನೋಡಿಕೊಂಡೆ. ಇನ್ನೊಬ್ಬರ ಫೋನು ಬಳೆಗಳನ್ನು ದಿನಾ ಚೀಲಕ್ಕೆ ತುಂಬಿಸಿಕೊಳ್ಳುವವನು ಒಂದಲ್ಲ ಒಂದು ದಿನ ಚೀಲದ ಸಮೇತ ಮಾಯವಾಗುತ್ತಾನೆ ಎಂದು ಕಾದೆ. ಒಂದು ಬಳೆಯೂ ಕಡಿಮೆಯಾಗಲಿಲ್ಲ.

ಹಾಗಾದರೆ ಸಾವ್ಕಾರನಿಂದ ತಲೆಗಿಷ್ಟು ಎಂದು ಕಮಿಷನ್ ತೆಗೆದುಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದೆ. ಸಾವ್ಕಾರನ ಗೋಡೌನಿನ ಆಳಿಗೆ ಬಿಸಿ ಮಿರ್ಚಿ ಕೊಟ್ಟು ಬಾಯಿ ಬಿಡಿಸಲು ನೋಡಿದೆ. ಅವನು ಆರು ಮಿರ್ಚಿ ತಿಂದು, ಹಾಗೇನಿಲ್ಲಕ್ಕ ಎಂದು ಹೋದ. ಏನೂ ಸಿಗದಿದ್ದಾಗ ನನ್ನ ಅನುಮಾನ ಇನ್ನೂ ಬಲಿಯಿತು. ಸಿಗದ ಹಾಗೆ ಮಾಡುವವನು ಸಾಮಾನ್ಯದವನಲ್ಲವಲ್ಲ.

ನನ್ನ ಮಗಳು ಮಾನಸಳನ್ನು ಆನವಟ್ಟಿಗೆ ಕೊಟ್ಟಿದ್ದೆ. ಗಂಡ ಬೇರೊಬ್ಬಳನ್ನು ಕಟ್ಟಿಕೊಂಡ, ಇವಳು ಒಂದು ಟ್ರಂಕು ಹಿಡಿದು ವಾಪಸು ಬಂದಳು. ಇಪ್ಪತ್ತಾರು ವರ್ಷ. ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಏಳಿಸಿದರೆ ಏಳುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಹಾಸಿಗೆ ಮಡಚಿಟ್ಟು ಜಗುಲಿಗೆ ಹೋಗಿದ್ದಾಳೆ. ಕಲ್ಲಪ್ಪ ಅವಳಿಗೆ ಟ್ರ್ಯಾಕ್ಟರ್ ಕಲಿಸಿದ. ಎಂಟು ತಿಂಗಳಿಗೆ ಲೈಸೆನ್ಸು ಬಂತು. ಆ ವರ್ಷದ ಸುಗ್ಗಿಯಲ್ಲಿ ನನ್ನ ಮಗಳು ತಲೆಗೆ ಟವೆಲ್ಲು ಸುತ್ತಿಕೊಂಡು, ಮಷಿನ್ನು ಎಳೆದುಕೊಂಡು, ನನ್ನ ಅಂಗಡಿಯ ಮುಂದೆಯೇ ಹಾರ್ನು ಹಾಕಿ ಹೋದಳು. ಬಾಣಲೆಯಲ್ಲಿದ್ದ ಮಿರ್ಚಿ ಸೀದುಹೋದವು. ಅಷ್ಟು ಹೆಮ್ಮೆ ನನಗೆ ಅವಳ ಮದುವೆಯ ದಿನವೂ ಆಗಿರಲಿಲ್ಲ.

ಆ ಹೆಮ್ಮೆ ಒಂದು ವಾರ ಇತ್ತು. ಕಲ್ಲಪ್ಪ ಅವಳ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತು ಹೋಗುತ್ತಿದ್ದ. ಮೇಸ್ತ್ರಿ ಕೂರುವ ಜಾಗವೇ ಅದು, ಹಿಂದೆಯೂ ಅಲ್ಲೇ ಕೂರುತ್ತಿದ್ದ. ಆದರೆ ಹಿಂದೆ ಸ್ಟೇರಿಂಗು ಹಿಡಿದವರು ಗಂಡಸರು. ಗುತ್ಯಮ್ಮ ಒಂದು ಸಂಜೆ ಮಂಡಕ್ಕಿ ಕಟ್ಟಿಸಿಕೊಳ್ಳುತ್ತಾ, ಹೆಂಡತಿ ಸತ್ತವನು, ಗಂಡ ಬಿಟ್ಟವಳು, ಒಂದೇ ಟ್ರ್ಯಾಕ್ಟರು, ಜನರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ ಎಂದಳು. ನಿನ್ನ ಮಗಳು ದೊಡ್ಡಪ್ಪ ಎಂದು ಕರೆದರೆ ಅವನು ದೊಡ್ಡಪ್ಪನೇ ಆಗಿಬಿಡುತ್ತಾನೆಯೇ ಎಂದೂ ಸೇರಿಸಿದಳು. ನನಗೆ ನಿದ್ದೆ ಬರಲಿಲ್ಲ. ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ಇದೇ ಎನ್ನಿಸಿತು. ಪುಕ್ಕಟೆ ಒಳ್ಳೆಯತನದ ಬೆಲೆ ನನ್ನ ಮನೆಯಲ್ಲೇ ಇತ್ತಲ್ಲ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ಆದರೆ ಕಾಮಾಲೆಯವನಿಗೆ ಅದು ಗೊತ್ತಿರುವುದಿಲ್ಲ.

ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಗೋಡೌನಿಗೆ ಹೋದೆ. ಕಲ್ಲಪ್ಪ ಚೀಲ ಹೊಲಿಯುತ್ತಿದ್ದ, ಒಂದು ಕೈ ಮತ್ತು ಹಲ್ಲುಗಳಿಂದ. ಸುತ್ತುಬಳಸದೆ ಹೇಳಿದೆ. ನಾಳೆಯಿಂದ ಮಾನಸ ಟ್ರ್ಯಾಕ್ಟರ್ ಹತ್ತಬಾರದು, ಬೇಕಾದರೆ ಹೆಣ್ಣಾಳುಗಳ ಜೊತೆ ಪುಟ್ಟಿ ಹೊರಲಿ. ಇದನ್ನು ನಾನು ಹೇಳಿದೆ ಎಂದು ಅವಳಿಗೆ ಗೊತ್ತಾಗಬಾರದು. ಯಾಕೆ ಎಂದು ಅವನು ಕೇಳಲಿಲ್ಲ. ನನ್ನ ಮುಖ ನೋಡಿದ, ಅರ್ಥವಾಯಿತು. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಒಳಗೊಳಗೇ ಅಂದುಕೊಂಡೆ. ನಾಚಿಕೆಗೂ ಕಿವಿ ಕೆಂಪಾಗುತ್ತದೆ ಎಂಬುದು ಹೊಳೆಯಲಿಲ್ಲ.

“ಭಾಳ ಚಲೋ ಓಡಿಸ್ತಾಳಕ್ಕ ಅಕಿ,” ಎಂದ. ನಾನು ಚಂದ್ರಗುತ್ತಿ ತಾಯಿಯ ಆಣೆ ಹಾಕಿಸಿಕೊಂಡೆ. ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿದು, “ಆತು. ನನ್ನ ಮ್ಯಾಲೆ ಹಾಕ್ಕೊಂತೀನಿ,” ಎಂದ.

ಹಾಗೆಯೇ ಮಾಡಿದ. ಹೆಣ್ಣು ಡ್ರೈವರ್ ಇದ್ದರೆ ಕಣದವರು ಕರೆಯುವುದಿಲ್ಲ, ನಾನೇ ತೀರ್ಮಾನ ಮಾಡಿದ್ದೇನೆ ಎಂದು ಮಾನಸಳಿಗೆ ಹೇಳಿದನಂತೆ. ಅವಳು ಅವತ್ತು ಮನೆಗೆ ಬಂದು ಪಾತ್ರೆಗಳನ್ನೆಲ್ಲ ಕುಕ್ಕಿದಳು. ಎಲ್ಲರ ಹಾಗೆ ಅವನೂ ಒಬ್ಬ ಎಂದಳು. ನಾನು ಹೌದೌದು ಎಂದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಎರಡೂ ಆಯಿತು ಎಂದು ಸಮಾಧಾನಪಟ್ಟೆ. ಕೂಲಿ ಬಿಡುವಂತಿರಲಿಲ್ಲ, ಹಾಗಾಗಿ ಅವಳು ಅದೇ ಗ್ಯಾಂಗಿನಲ್ಲಿ ಪುಟ್ಟಿ ಹೊತ್ತು ಮಷಿನ್ನಿನ ಬಾಯಿಗೆ ತೆನೆ ಸುರಿಯತೊಡಗಿದಳು. ಕಲ್ಲಪ್ಪನ ಜೊತೆ ಮಾತು ಬಿಟ್ಟಳು.

ಒಂಬತ್ತನೆಯ ದಿನ ಶಿಕಾರಿಪುರ ರಸ್ತೆಯ ಒಂದು ಕಣದಲ್ಲಿ ಅವಳ ಎಡಗೈಯ ಮೂರು ಬೆರಳು ಹೋದವು.

ಸಿಪ್ಪೆ ಸುಲಿಯದ ತೆನೆಗಳು ಬಾಯಲ್ಲಿ ಸಿಕ್ಕಿಕೊಂಡವಂತೆ, ಒತ್ತಲು ಹೋದಳಂತೆ. ನನಗೆ ಸುದ್ದಿ ಬಂದಾಗ ಅವಳನ್ನು ಆಗಲೇ ಶಿವಮೊಗ್ಗಕ್ಕೆ ಕಳಿಸಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಕಲ್ಲಪ್ಪ ನಿಂತಿದ್ದ. ಅಂಗಿಯ ತುಂಬ ರಕ್ತ. ಅವನು ಏನೋ ಹೇಳಲು ಬಂದ, ನಾನು ತಳ್ಳಿ ಒಳಗೆ ಹೋದೆ. ಆ ಹೊತ್ತಿಗೆ ನಾನು ಮಾಡಿದ ಕೆಲಸ ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಅದಕ್ಕೇ ಅವನ ಮುಖ ನೋಡಲಿಲ್ಲ.

ಹನ್ನೆರಡು ದಿನಕ್ಕೆ ಮನೆಗೆ ಕರೆತಂದೆ. ಶ್ರೀನಾಥ ಸಾವ್ಕಾರ ಸೇಬು ದ್ರಾಕ್ಷಿ ಹಿಡಿದು ಬಂದ. ಬಹಳ ವಿನಯದ ಮನುಷ್ಯ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹೇಳುವುದು ಸುಮ್ಮನೆ ಅಲ್ಲ. ಕೂತು, ಕಣ್ಣೊರೆಸಿಕೊಂಡು, ಹುಡುಗಿ ಫೋನಿನಲ್ಲಿ ಮಾತಾಡುತ್ತಾ ತೆನೆ ಹಾಕುತ್ತಿದ್ದಳು ಎಂದು ಕೇಳಿ ಬೇಜಾರಾಯಿತು ಎಂದ. ಮಾನಸ ಗೋಡೆಯ ಕಡೆಯಿಂದ ತಿರುಗಲಿಲ್ಲ. ಸಂಜೆಯೊಳಗೆ ಕಾಲೋನಿಯಲ್ಲೆಲ್ಲ ಅದೇ ಮಾತು. ಗಂಡ ಬಿಟ್ಟವಳು ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದಳು ಎನ್ನುವಲ್ಲಿಗೆ ಅದು ಹೋಗಿ ನಿಂತಿತು. ಅವಳದೇ ತಪ್ಪೆಂದು ಕಾಗದದಲ್ಲಿ ಬಿದ್ದರೆ ಪರಿಹಾರ ಕೇಳುವ ಬಾಯಿ ಮುಚ್ಚಿಹೋಗುತ್ತದೆ, ಮುಂದೆ ಯಾವ ಗ್ಯಾಂಗೂ ಅವಳನ್ನು ಹತ್ತಿರ ಸೇರಿಸುವುದಿಲ್ಲ ಎಂದು ತಿಳಿದವರು ಹೇಳಿದರು. ಉಳಿದ ಬೆರಳುಗಳಿಂದಲಾದರೂ ಬದುಕಬೇಕಾದ ಹುಡುಗಿ ಅವಳು. ಕಣದಲ್ಲಿದ್ದವರು ಸಾವ್ಕಾರನ ಆಳುಗಳು. ಫೋನುಗಳೆಲ್ಲ ಚೀಲದಲ್ಲಿರುತ್ತವೆ ಎಂದು ಗೊತ್ತಿದ್ದೂ ಯಾರೂ ಬಾಯಿ ಬಿಡಲಿಲ್ಲ.

ಇನ್ನು ಉಳಿದವನು ಕಲ್ಲಪ್ಪ ಒಬ್ಬ. ಅವನು ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಸಾವ್ಕಾರನ ಕೋಣೆಯಲ್ಲಿ ಮಲಗುವವನು, ಸಾವ್ಕಾರನ ಅನ್ನ ತಿನ್ನುವವನು, ಹನ್ನೆರಡು ವರ್ಷದಿಂದ ತನ್ನ ಕೈಗೂ ತಾನೇ ಕಾರಣ ಎಂದು ಸಾರುತ್ತಾ ಬಂದವನು, ನನ್ನ ಮಗಳ ವಿಷಯದಲ್ಲಿ ಬೇರೆ ಹೇಳುತ್ತಾನೆಯೇ? ಅವನ ಪಾಠವೇ ಅದಲ್ಲವೇ, ಏನೇ ಆದರೂ ಮೊದಲು ನಿನ್ನ ತಪ್ಪು ಹುಡುಕು ಎಂದು. ಆಗ ನನಗೆ ಆ ಕೋಣೆಯ ಗುಟ್ಟು ಹೊಳೆದಂತಾಯಿತು. ಅವನ ಬಾಯಿಗೆ ಸಾವ್ಕಾರ ಕೊಟ್ಟ ಬಾಡಿಗೆ ಅದು. ಇಷ್ಟು ವರ್ಷಗಳ ಅನುಮಾನದಲ್ಲಿ ಇದೊಂದು ನಿಜವಾಯಿತು, ನಿಜವಾದದ್ದಕ್ಕೆ ಸಂತೋಷವಾಗಲಿಲ್ಲ.

ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಹೇಳಿಕೆ ತೆಗೆದುಕೊಳ್ಳಲು ನಮ್ಮ ಮನೆಗೇ ಬಂದರು. ಬೆಳಿಗ್ಗೆ ಹತ್ತು ಗಂಟೆ. ಅವರಿಗೆ ಕುರ್ಚಿ, ಸಾವ್ಕಾರನಿಗೆ ಇನ್ನೊಂದು ಕುರ್ಚಿ. ಮಾನಸ ಮಂಚದ ಮೇಲೆ, ಬ್ಯಾಂಡೇಜಿನ ಕೈ ದಿಂಬಿನ ಮೇಲೆ. ನಾನು ಅಡುಗೆಮನೆಯ ಬಾಗಿಲಲ್ಲಿ. ಕಲ್ಲಪ್ಪನನ್ನು ಕರೆಸಿದ್ದರು, ಹೊಸ್ತಿಲ ಬಳಿ ನೆಲಕ್ಕೆ ಕೂತ. ಬಾಗಿಲ ಹೊರಗೆ ಅರ್ಧ ಕಾಲೋನಿ.

ಸಾವ್ಕಾರ ಫೋನಿನ ಮಾತು ಹೇಳಿ ಮುಗಿಸಿದ. ಅಧಿಕಾರಿ ಕಲ್ಲಪ್ಪನ ಕಡೆ ನೋಡಿದರು. ಅವನು ಕೆಂಪು ಚೀಲ ತಂದಿದ್ದ. ಅದರೊಳಗಿಂದ ಮಾನಸಳ ಫೋನು ತೆಗೆದು ನೆಲದ ಮೇಲಿಟ್ಟ. ಅವತ್ತು ಬೆಳಿಗ್ಗೆ ನಾನೇ ಇಸಿದುಕೊಂಡಿದ್ದು, ಕೊಡೋಕೆ ಆಗಿರಲಿಲ್ಲ ಎಂದ. ಆಮೇಲೆ, ಮಷಿನ್ನಿನ ಬಾಯಿಗೆ ಕೈ ಒಳಗೆ ಹೋಗದಂತೆ ಒಂದು ತಗಡಿನ ಮುಚ್ಚಳ ಇರಬೇಕು, ಅದಿರಲಿಲ್ಲ ಎಂದ. ಮುಚ್ಚಳ ಇದ್ದರೆ ತೆನೆ ನಿಧಾನ ಇಳಿಯುತ್ತದೆ, ದಿನಕ್ಕೆ ಮೂರು ಕಣ ಆಗುವಲ್ಲಿ ಎರಡಾಗುತ್ತದೆ, ಅದಕ್ಕೆ ಸಾವ್ಕಾರರು ತೆಗೆಸಿ ಗೋಡೌನಿನಲ್ಲಿ ಇಟ್ಟಿದ್ದಾರೆ, ನನ್ನ ಕೋಣೆಯ ಹಿಂದೆಯೇ ಇದೆ, ತೋರಿಸುತ್ತೇನೆ ಎಂದ. ಯಾವಾಗಿನಿಂದ ಎಂದು ಅಧಿಕಾರಿ ಕೇಳಿದರು.

“ನನ್ನ ಕೈ ಹೋದಾಗ್ಲೂ ಇರ್ಲಿಲ್ರೀ ಸಾರ್,” ಎಂದ ಕಲ್ಲಪ್ಪ. “ನಂದೇ ತಪ್ಪು ಅಂತ ಹೇಳಿದ್ರೆ ಸಾಯೋತನ ನೋಡ್ಕೊಂತೀನಿ ಅಂದ್ರು. ಹೇಳಿದೆ. ಹೇಳಿ ಹೇಳಿ ನಂಗೇ ಖರೆ ಅನ್ಸಾಕ ಹತ್ತಿತು. ಮುಚ್ಚಳ ಹಾಕ್ರಿ ಅಂತ ಕೇಳಾಕ ಧೈರ್ಯ ಇರ್ಲಿಲ್ಲ. ಅದಕ್ಕ ಈ ಮಕ್ಕಳಿಗೆ ಎಚ್ಚರ ಕಲಿಸಿದೆ.”

ಸಾವ್ಕಾರ ಎದ್ದು ನಿಂತ. ಆ ಮಾತಿಗೆ ಕಲ್ಲಪ್ಪನ ಕೋಣೆ ಹೋಯಿತು, ಮೇಸ್ತ್ರಿಕೆ ಹೋಯಿತು. ಈಗ ಅವನು ಸಮುದಾಯ ಭವನದಲ್ಲಿ ಮಲಗುತ್ತಾನೆ. ನನಗೆ ಆ ಕ್ಷಣ ಅವನ ಕಾಲು ಹಿಡಿಯಬೇಕು ಎನ್ನಿಸಿತು, ಕತ್ತು ಹಿಡಿಯಬೇಕು ಎಂದೂ ಎನ್ನಿಸಿತು. ಹನ್ನೆರಡು ವರ್ಷ ಗೊತ್ತಿದ್ದೂ ಅದೇ ಬಾಯಿಯ ಮುಂದೆ ಜನರನ್ನು ನಿಲ್ಲಿಸಿದವನು ಅವನು. ಅವನಿಗೆ ಅದು ಗೊತ್ತಿತ್ತು, ತಲೆ ಎತ್ತಲಿಲ್ಲ.

ಅಧಿಕಾರಿ ಎಲ್ಲ ಬರೆದುಕೊಂಡರು. ಕೊನೆಗೆ ಮಾನಸಳ ಲೈಸೆನ್ಸನ್ನು ತಿರುಗಿಸಿ ನೋಡುತ್ತಾ, ಈಕೆ ಡ್ರೈವರ್ ಅಲ್ಲವೇ, ಟ್ರ್ಯಾಕ್ಟರ್ ಬಿಟ್ಟು ಮಷಿನ್ನಿನ ಬಾಯಿಗೆ ಯಾಕೆ ಬಂದಳು ಎಂದು ಕೇಳಿದರು.

“ನಾನೇ ಇಳಿಸಿದ್ದು ಸಾರ್. ಅದು ನನ್ನ ತಪ್ಪು,” ಎಂದ ಕಲ್ಲಪ್ಪ.

ಮಾನಸ ಅವನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. ಹೊರಗೆ ನಿಂತವರು ಗುಜುಗುಜು ಎಂದರು. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನ ತಲೆಯ ಮೇಲೆ ಇಷ್ಟಿರುವಾಗ ಇನ್ನೊಂದು ಭಾರವೇ ಎಂದು ಯೋಚಿಸಿದೆ, ನಿಜವಾಗಿ ಯೋಚಿಸಿದೆ. ನನಗಿರುವುದು ಇವಳೊಬ್ಬಳು. ಗಂಡನನ್ನು ಬಿಟ್ಟು ಬಂದವಳಿಗೆ ತಾಯಿಯನ್ನು ಬಿಡುವುದು ಎಷ್ಟರ ಕಷ್ಟ? ಪೆನ್ನು ಆಗಲೇ ಕಾಗದದ ಮೇಲೆ ಓಡುತ್ತಿತ್ತು.

“ಬರೀಬ್ಯಾಡ್ರಿ ಸಾರ್,” ಎಂದೆ. “ಅದು ಅವನ ಪಾಲಿನ ತಪ್ಪಲ್ಲ. ಇವರಿಬ್ಬರ ಮ್ಯಾಲೆ ಅನುಮಾನಪಟ್ಟು ಇಳಿಸು ಅಂದಾಕಿ ನಾನು. ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸ್ಕೊಂಡಾಕಿನೂ ನಾನೇ.”

ಅಧಿಕಾರಿ ಪೆನ್ನು ನಿಲ್ಲಿಸಿದರು. ಕೆಟ್ಟ ಮನುಷ್ಯರಲ್ಲ. ಅದು ಈ ಕೇಸಿಗೆ ಬರುವುದಿಲ್ಲಮ್ಮ, ಬರೆಯುವುದಕ್ಕೆ ಇದರಲ್ಲಿ ಜಾಗ ಇಲ್ಲ ಎಂದು ಮೆಲ್ಲಗೆ ಹೇಳಿ, ಬರೆದಿದ್ದ ಆ ಒಂದು ಸಾಲಿಗೂ ಗೀಟು ಹಾಕಿದರು. ಮುಚ್ಚಳ ನೋಡಲು ಸಾವ್ಕಾರನನ್ನು ಕರೆದುಕೊಂಡು ಗೋಡೌನಿನ ಕಡೆ ಹೊರಟರು. ಹೊರಗಿನ ಜನರೂ ಅವರ ಹಿಂದೆ ಹೋದರು.

ಕಲ್ಲಪ್ಪ ಅವರ ಹಿಂದೆ ಹೋಗಲು ಎದ್ದು ಚಪ್ಪಲಿ ಹುಡುಕುತ್ತಿದ್ದ. ಮಾನಸ ಮಂಚದಿಂದ ಇಳಿದಳು. “ಚಾ ಕುಡಿದು ಹೋಗು ದೊಡ್ಡಪ್ಪ,” ಎಂದು ನನ್ನನ್ನು ದಾಟಿ ಅಡುಗೆಮನೆಗೆ ಹೋದಳು. ನಾನು ಮಾಡುತ್ತೇನೆ ಎಂದು ಮುಂದೆ ಬಂದರೆ ಬೇಡವೆಂದು ತಲೆಯಾಡಿಸಿದಳು. ಒಂದೇ ಕೈಯಲ್ಲಿ ಒಲೆ ಹಚ್ಚಿದಳು, ಹಾಲು ಹಾಕಿದಳು, ಸೋಸುವಾಗ ಅರ್ಧ ಚೆಲ್ಲಿತು. ಬಹಳ ಹೊತ್ತಾಯಿತು, ಕಲ್ಲಪ್ಪ ಹೊಸ್ತಿಲಲ್ಲಿ ಕಾದ. ಅವಳು ಎರಡು ಲೋಟಗಳನ್ನು ಒಂದೊಂದಾಗಿ ತಂದು, ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ತಾನು ಹಿಡಿದು ಅವನ ಎದುರಿಗೆ ನೆಲದ ಮೇಲೆ ಕೂತಳು.